ನವಣಿಯನ್ನು ನಿಲ್ಲಿಸಿದ ವರ್ಷ

ನಮ್ಮೂರಿನಲ್ಲಿ ನಿಂತು ಮಾತನಾಡುವವರನ್ನು ಯಾರೂ ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಮಾತಿದ್ದರೆ ನಡೆಯುತ್ತ ಆಡಬೇಕು, ಇಲ್ಲವೇ ಕೂತು ಆಡಬೇಕು. ಬರಿ ಮಣ್ಣಿನ ಮೇಲೆ ಒಂದು ಎಲೆಯಡಿಕೆ ಜಗಿದು ಉಗುಳುವಷ್ಟು ಹೊತ್ತು ಅಲ್ಲಾಡದೆ ನಿಂತರೆ ಅಂಗಾಲಿನಿಂದ ಬಿಳಿ ಎಳೆಗಳು ಇಳಿಯುತ್ತವೆ. ಇನ್ನಷ್ಟು ಹೊತ್ತು ನಿಂತರೆ ಅವು ಬೇರಾಗುತ್ತವೆ. ಕೂತವರನ್ನು, ಮಲಗಿದವರನ್ನು ಮಣ್ಣು ಮುಟ್ಟುವುದಿಲ್ಲ, ಅದರ ಆಸೆಯೆಲ್ಲ ನಿಂತವರ ಮೇಲೆ. ಚಪ್ಪಲಿ ಮೆಟ್ಟಿದರೆ ಚಪ್ಪಲಿಯನ್ನೂ ಸೇರಿಸಿಕೊಂಡು ಹಿಡಿಯುತ್ತದೆ. ಹಾಗಾಗಿ ಎದುರು ಸಿಕ್ಕವರನ್ನು ನಾವು ಊಟವಾಯಿತೇ ಎಂದು ಕೇಳುವ ಮೊದಲು ಕಾಲೆತ್ತಿದಿರಾ ಎಂದು ಕೇಳುತ್ತೇವೆ. ರೇಷನ್ ಅಂಗಡಿಯ ಸಾಲು ಅಂಗಡಿಯ ಸುತ್ತಲೇ ಪ್ರದಕ್ಷಿಣೆ ಹಾಕುತ್ತಿರುತ್ತದೆ. ಹರೆಯದ ಮಕ್ಕಳು ಸಂಜೆ ತಡವಾಗಿ ಮನೆಗೆ ಬಂದರೆ ತಾಯಂದಿರು ಮುಖ ನೋಡುವುದಿಲ್ಲ, ಅಂಗಾಲು ನೋಡುತ್ತಾರೆ. ಇದರಿಂದ ಯಾರೂ ಸತ್ತದ್ದಿಲ್ಲ. ಉಪ್ಪುನೀರು ಹಾಕಿ ಬೇರು ಕತ್ತರಿಸಿದರೆ ಕಾಲು ಬಿಟ್ಟುಬರುತ್ತದೆ. ಆಮೇಲೆ ಒಂದಷ್ಟು ದಿನ ನವೆ, ಅದಕ್ಕಿಂತ ಹೆಚ್ಚು ದಿನ ಜನರ ನಗು.

ನಾನು ಕೊಟ್ರ, ದರ್ಜಿ. ಹೊಲಿಗೆ ಯಂತ್ರದ ತುಳಿಮಣೆಯ ಮೇಲೆ ನನ್ನ ಕಾಲು ಬೆಳಗಿನಿಂದ ಸಂಜೆಯವರೆಗೆ ಆಡುತ್ತಲೇ ಇರುತ್ತದೆ. ಮಣ್ಣಿಗೂ ನನಗೂ ಅಂಥ ವ್ಯವಹಾರವೇ ಇರಲಿಲ್ಲ. ಕುರಿಯ ಬಗ್ಗೆ ನನಗೆ ಗೊತ್ತಿದ್ದದ್ದು ಅದು ಅರಚುತ್ತದೆ, ಅದರ ಸಾರು ರುಚಿಯಾಗಿರುತ್ತದೆ ಎಂಬುದಷ್ಟೇ. ಹಾಗಿದ್ದವನು ಒಂದು ವರ್ಷ ಕೃಷಿ ಪ್ರದರ್ಶನದಲ್ಲಿ ಕುರಿ ಹಿಡಿದು ನಿಂತೆ. ನಿಂತೆ ಎಂಬುದನ್ನು ಊರಿನವರು ಈಗಲೂ ಒತ್ತಿ ಒತ್ತಿ ಹೇಳುತ್ತಾರೆ.

ಕುರಿ ಅಕ್ಕನದು. ಅಕ್ಕ ದ್ಯಾಮವ್ವ ಮದುವೆ ಬೇಡವೆಂದು ತವರಿನಲ್ಲೇ ಉಳಿದವಳು, ಬುದ್ಧಿ ಬಂದಾಗಿನಿಂದ ಕುರಿ ಕಾಯ್ದವಳು. ನಮ್ಮ ಕಡೆ ಕುರಿಯಲ್ಲಿ ಎರಡು ಜಾತಿ. ಕೆಂಪು ಕುರಿ ಎತ್ತರದ್ದು, ಎಷ್ಟು ದೂರ ಬೇಕಾದರೂ ನಡೆಯುತ್ತದೆ, ಆದರೆ ಮೈಮೇಲೆ ಉಣ್ಣೆಯಿಲ್ಲ. ಕರಿಯದರ ಮೈತುಂಬ ಉಣ್ಣೆ, ಆದರೆ ಮಹಾ ಸೋಮಾರಿ, ಎರಡು ಗರಿಕೆ ಕಂಡಲ್ಲಿ ನಿಂತುಬಿಡುತ್ತದೆ, ಬೇರು ಬಿಡುತ್ತದೆ. ಕರಿ ಕುರಿ ಕಾಯುವವರು ಸೊಂಟಕ್ಕೆ ಉಪ್ಪಿನ ಚೀಲ ಕಟ್ಟಿಕೊಂಡೇ ಹೊರಡುತ್ತಾರೆ. ಕೆಂಪಿನವರು ಕರಿಯವರನ್ನು ಆಡಿಕೊಳ್ಳುತ್ತಾರೆ, ಕರಿಯವರು ಕೆಂಪಿನವರನ್ನು. ಅಕ್ಕ ಇಬ್ಬರ ಮಾತನ್ನೂ ಕೇಳಿಸಿಕೊಂಡು, ಕೆಂಪು ಟಗರನ್ನು ಕರಿ ಕುರಿಗೆ ಕೂಡಿಸಿದಳು. ಹುಟ್ಟಿದ ಮರಿಗಳಲ್ಲಿ ಚೆನ್ನಾಗಿದ್ದವನ್ನು ಉಳಿಸಿಕೊಂಡು ಮತ್ತೆ ಕೂಡಿಸಿದಳು. ವರ್ಷಾನುಗಟ್ಟಲೆ ಹೀಗೇ ಮಾಡಿ, ಕೊನೆಗೆ ಉಣ್ಣೆಯೂ ಇದ್ದು ಕಾಲೂ ಇದ್ದ ಒಂದು ಸಣ್ಣ ಹಿಂಡು ಅವಳ ಕೈಯಲ್ಲಿ ಉಳಿಯಿತು. ಊರು ಅದನ್ನು ಬೆರಕೆ ಎಂದು ಕರೆಯಿತು. ಬೆರಕೆ ಎಂದಾಗ ಜನ ಬಾಯಿಯನ್ನು ಸ್ವಲ್ಪ ಸೊಟ್ಟ ಮಾಡುತ್ತಾರಲ್ಲ, ಹಾಗೆ.

ಅಷ್ಟರಲ್ಲಿ ಅಕ್ಕನ ಮಂಡಿ ಹೋದವು. ಮಂಡಿ ಹೋಗುವುದು ಬೇರೆ ಊರುಗಳಲ್ಲಿ ಒಂದು ನೋವು, ನಮ್ಮಲ್ಲಿ ಅದೊಂದು ಸೆರೆವಾಸ. ಹೆಜ್ಜೆ ಎತ್ತುವುದು ತಡವಾದರೆ ಮಣ್ಣು ಕಾಯುವುದಿಲ್ಲ. ಒಂದು ಮಧ್ಯಾಹ್ನ ಹುಲ್ಲುಗಾವಲಿನ ನಡುವೆ ಅವಳು ಹಿಡಿದುಹೋಗಿ, ನಾವು ಹೋಗಿ ಬಿಡಿಸುವ ಹೊತ್ತಿಗೆ ಸಂಜೆಯಾಗಿತ್ತು. ಕುರಿಗಳು ಅವಳ ಸುತ್ತಲೇ ಸುತ್ತುತ್ತಿದ್ದವು. ಅವತ್ತು ಮನೆಮುಂದಿನ ಕಲ್ಲುಕಟ್ಟೆ ಹತ್ತಿದವಳು ಮತ್ತೆ ಮಣ್ಣಿಗೆ ಕಾಲಿಡಲಿಲ್ಲ. ಕಟ್ಟೆಯಿಂದ ಒಳಗೆ, ಒಳಗಿನಿಂದ ಕಟ್ಟೆಗೆ, ಅಷ್ಟೇ ಅವಳ ಓಡಾಟ. ಕುರಿ ಮೇಯಿಸುವುದು ನನ್ನ ಪಾಲಿಗೆ ಬಂತು. ಬೆಳಿಗ್ಗೆ ಕುರಿ, ಮಧ್ಯಾಹ್ನ ಅಂಗಡಿ. ಒಬ್ಬ ಮದುಮಗಳ ಕುಪ್ಪಸ ಅವಳ ಮದುವೆ ಮುಗಿದ ಮೇಲೆ ತಲುಪಿತು. ಕುರಿಗಳು ಯಾರದೋ ಕಡಲೆ ಹೊಲ ನುಗ್ಗಿದವು. ಹೀಗೇ ಹೋದರೆ ಕುರಿಯೂ ಉಳಿಯುವುದಿಲ್ಲ, ಅಂಗಡಿಯೂ ಉಳಿಯುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಹೇಳಿಕೊಂಡಿರಲಿಲ್ಲ, ಅಷ್ಟೇ.

ಮಾಳಪ್ಪ ಎಂಬ ಸಂಚಾರಿ ಕುರಿಗಾಹಿ ಪ್ರತಿ ವರ್ಷ ಪ್ರದರ್ಶನದ ಹೊತ್ತಿಗೆ ತನ್ನ ಕೆಂಪು ಕುರಿಗಳ ದೊಡ್ಡ ಹಿಂಡಿನೊಂದಿಗೆ ನಮ್ಮೂರನ್ನು ಹಾದುಹೋಗುತ್ತಾನೆ. ಆ ವರ್ಷ ಸುಗ್ಗಿಗೆ ಮೊದಲೇ ಒಮ್ಮೆ ಒಬ್ಬನೇ ಬಂದು ಅಕ್ಕನ ಕಟ್ಟೆಯ ಮೇಲೆ ಕೂತ. ಬೆರಕೆ ಹಿಂಡನ್ನು ಒಂದು ಸುತ್ತು ನೋಡಿದ.

"ದ್ಯಾಮಕ್ಕ, ನಿನ್ನ ಕುರಿ ನನಗ ಮನಸಿಗಿ ಬಂದಾವ. ಕೊಟ್ಟರ ನನ್ನ ಹಿಂಡಿನ್ಯಾಗ ಹಾಕ್ಕೊಂಡು ಹೊಕ್ಕೀನಿ. ಆದ್ರ ಕಿವ್ಯಾಗ ಓಲೆ ಇಲ್ಲದ ಕುರಿ ಹಾಕ್ಕೊಂಡ್ರ ಉಳಿದ ಕುರಿಗಾರರು ನನ್ನ ದೂರ ಇಡತಾರ. ನಾನೇನು ಮಾಡ್ಲಿ ಹೇಳು."

ಓಲೆಯೆಂದರೆ ಪ್ರದರ್ಶನದಲ್ಲಿ ಪಾಸಾದ ಕುರಿಗೆ ಹಾಕುವ ತಾಮ್ರದ ರಿಂಗು. ಮನೆಯಿಂದ ಒಂದು ಕುರಿ ಪಾಸಾದರೆ ಸಾಕು, ಅದರ ಮಾನ ಹಿಂಡಿಗೆಲ್ಲ ಸಲ್ಲುತ್ತದೆ. ಆ ವರ್ಷ ಮೊದಲ ಸಲ ಬೆರಕೆ ಕುರಿಗೆ ಒಂದು ವಿಭಾಗ ತೆರೆದಿದ್ದರು. ಓಲೆ ಸಿಗದಿದ್ದರೆ ಏನೆಂಬುದನ್ನೂ ಹೇಳಬೇಕಾಗಿರಲಿಲ್ಲ. ಮಾಂಸದಂಗಡಿಯವನು ಆಗಲೇ ಎರಡು ಸಲ ಬಂದು, ಮಾತಿನ ನಡುವೆ ಕುರಿಗಳ ಬೆನ್ನು ಒತ್ತಿ ನೋಡಿ ಹೋಗಿದ್ದ. ಹಿಂಡಿನಲ್ಲಿ ನವಣಿ ಎಂಬುದೊಂದು ಹೆಣ್ಣು ಕುರಿ ಇತ್ತು. ನವಣೆಯ ಬಣ್ಣ, ಸೊಕ್ಕಿನ ಮುಖ. ಅಕ್ಕ ಅದನ್ನು ತೋರಿಸಿ, "ಇದನ್ನ ನೀ ಹಿಡಿ" ಎಂದಳು.

"ನಾನಾ? ಅಕ್ಕಾ, ನನಗ ಕುರಿ ತಲಿ ಯಾವ ಕಡೆ, ಬಾಲ ಯಾವ ಕಡೆ ಅಂತನೂ ಸರಿಯಾಗಿ ಗೊತ್ತಿಲ್ಲ."

"ಕೂಗೋದು ತಲಿ. ಉಳಿದದ್ದು ನಾ ಹೇಳ್ತೀನಿ, ಕೊಟ್ರಾ."

ಹೀಗೆ ನನ್ನ ಪಾಠ ಶುರುವಾಯಿತು. ಅಕ್ಕ ಕಟ್ಟೆಯ ಮೇಲೆ, ನಾನೂ ನವಣಿಯೂ ಕೆಳಗೆ ಅಂಗಳದಲ್ಲಿ. ನೋಡುವವರಿಗೆ ಕುರಿ ಪ್ರದರ್ಶನ ಎಂದರೆ ಹಗ್ಗ ಹಿಡಿದು ನಿಲ್ಲುವುದು ಅನ್ನಿಸುತ್ತದೆ. ನಮ್ಮೂರಿನಲ್ಲಿ ಅದು ಕೊರಳಿಗೆ ಬರುವ ಕೆಲಸ. ಕಣದಲ್ಲಿ ಚಪ್ಪಡಿ ಹಾಸುವುದಿಲ್ಲ, ಹೊಸದಾಗಿ ಕೆದರಿದ ಹಸಿ ಮಣ್ಣೇ ಇರಬೇಕು. ಅದರ ಮೇಲೆ ಕುರಿ ಕದಲದೆ ನಿಲ್ಲಬೇಕು, ಆದರೆ ಬೇರು ಬಿಡಬಾರದು. ಪರೀಕ್ಷಕರು ಕಣ್ಣು ಮುಚ್ಚಿ ಬೆನ್ನ ಮೇಲೆ ಕೈಯಾಡಿಸುತ್ತಾರೆ. ಬೆನ್ನು ಅಲುಗಿದರೆ ಹೊರಗೆ. ಆಮೇಲೆ ಗೊರಸು ಎತ್ತಿ ನೋಡುತ್ತಾರೆ. ಒಂದು ಬಿಳಿ ಎಳೆ ಕಂಡರೂ ಹೊರಗೆ. ಹಾಗಾಗಿ ಹಿಡಿದವನು ಪರೀಕ್ಷಕರು ಬರುವವರೆಗೂ ಕುರಿಯ ನಾಲ್ಕು ಕಾಲನ್ನು ಒಂದಾದ ಮೇಲೊಂದು, ಬೆನ್ನಿಗೆ ಗೊತ್ತಾಗದಂತೆ ಎತ್ತಿ ಇಳಿಸುತ್ತಿರಬೇಕು. ಕೊನೆಯಲ್ಲಿ ಕಣದ ಆ ತುದಿಯವರೆಗೆ ನಡೆಸಿ ವಾಪಸು ಕರೆತರಬೇಕು.

ಮೊದಲ ದಿನ ನವಣಿ ನನ್ನನ್ನು ಅಂಗಳದಿಂದ ಎಳೆದುಕೊಂಡು ಹೋಗಿ ಕತ್ತಾಳೆ ಬೇಲಿಗೆ ಒರಗಿಸಿ ಬಂತು. ಎರಡನೆಯ ದಿನ ಕಾಲೆತ್ತಲು ಬಗ್ಗಿದವನ ಬೆನ್ನ ಮೇಲೆ ಹತ್ತಿತು. ನಾನು ಕಾಲನ್ನು ಜಗ್ಗಿದಷ್ಟೂ ಅದು ಊರುತ್ತಿತ್ತು. ಅಕ್ಕ ಮೊದಮೊದಲು ನಕ್ಕಳು, ಆಮೇಲೆ ಬೈದಳು, ಆಮೇಲೆ ಸುಮ್ಮನಾದಳು. ಅವಳು ಸುಮ್ಮನಾದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಮಾಂಸದಂಗಡಿಯವನ ಕೈ ನೆನಪಾಯಿತು.

"ನೀ ಕಾಲು ಎತ್ತಾಕ ಹೋಗ್ತಿ, ಅದಕ ಬರಂಗಿಲ್ಲ" ಎಂದಳು ಕೊನೆಗೆ, ಮೆತ್ತಗೆ. "ಮೊದಲ ಹೆಗಲು ತಾಗಿಸು. ಗಟ್ಟಿಯಾಗಿ ಆನ್ಕೊಂಡು ನಿಲ್ಲು. ನೀ ಬೀಳಂಗಿಲ್ಲ ಅಂತ ನಂಬಿಕಿ ಬಂದ ಮ್ಯಾಲೆ ಅದು ತನ್ನ ಭಾರ ನಿನ್ನ ಮ್ಯಾಲೆ ಹಾಕತೈತಿ. ಹಾಕಿದ್ರ ಆ ಕಡೆ ಕಾಲು ತಾನ ಹಗುರಾಗತೈತಿ. ಆಗ ಎತ್ತು. ಜಗ್ಗಬ್ಯಾಡ, ಕಾಯಿ."

ಕಾದೆ. ನವಣಿ ಒಂದು ಸಲ ನನ್ನ ಕಡೆ ನೋಡಿ, ಬಾಯಲ್ಲಿದ್ದದ್ದನ್ನು ಮೆಲುಕು ಹಾಕಿ ಮುಗಿಸಿ, ಆಮೇಲೆ ನಿಧಾನವಾಗಿ ಮೈಯ ಭಾರವನ್ನು ನನ್ನ ಹೆಗಲಿಗೆ ಬಿಟ್ಟಿತು. ಕಾಲು ಹತ್ತಿಯಂತೆ ಎದ್ದುಬಂತು. ಅಂಥ ಸಂತೋಷ ನನಗೆ ಯಾವ ಬಟ್ಟೆ ಹೊಲಿದಾಗಲೂ ಆಗಿರಲಿಲ್ಲ. ತಿರುಗಿ ಅಕ್ಕನನ್ನು ನೋಡಿದರೆ ಅವಳು ತನ್ನ ಮಂಡಿ ಉಜ್ಜಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದಳು.

ಕಲಿತೆ ಎಂದು ಹೇಳುವಷ್ಟು ಕಲಿತೆ. ಜೇಬಿನಲ್ಲಿ ಬೇಯಿಸಿದ ಹುರುಳಿ ಇಟ್ಟುಕೊಂಡು, ಅದು ಮಾತು ಕೇಳಿದಾಗಲೆಲ್ಲ ನಾಲ್ಕು ಕಾಳು ತಿನ್ನಿಸುತ್ತಿದ್ದೆ. ಅಕ್ಕನಿಗೆ ಗೊತ್ತಾಗದಂತೆ. ಪ್ರದರ್ಶನದ ಹಿಂದಿನ ದಿನ ನನ್ನೊಳಗಿನ ದರ್ಜಿ ಸುಮ್ಮನಿರಲಿಲ್ಲ. ನವಣಿಯ ಉಣ್ಣೆ ಎಡಗಡೆ ಸ್ವಲ್ಪ ಹೆಚ್ಚು, ಬಲಗಡೆ ಕಡಿಮೆ ಇದ್ದಂತೆ ಕಂಡಿತು. ಟೇಪು ಹಿಡಿದು ಅಳೆದೆ, ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದಿಂದ ಬೆನ್ನ ನಡುವೆ ನೆಟ್ಟಗೆ ಗೆರೆ ಎಳೆದು, ಎರಡೂ ಕಡೆ ಸಮ ಮಾಡಿ ಕತ್ತರಿಸಿದೆ. ಅಕ್ಕ ನೋಡಿ ತಲೆ ಚಚ್ಚಿಕೊಂಡಳು. "ಅವರು ಕಣ್ಣು ಮುಚ್ಚಿಕೊಂಡು ನೋಡ್ತಾರೋ, ಯಾರಿಗೆ ತೋರಿಸಾಕ ಹೊಲಿಯಾಕತ್ತಿ?" ಎಂದಳು. ನೀಲಿ ಗೆರೆ ಎಷ್ಟು ತೊಳೆದರೂ ಹೋಗಲಿಲ್ಲ.

ಅಕ್ಕ ಪ್ರದರ್ಶನಕ್ಕೆ ಬರುತ್ತೇನೆಂದು ಹಟ ಹಿಡಿದಳು. ತಳ್ಳುಗಾಡಿಯಲ್ಲಿ ಕೂರಿಸಿ ಕರೆದೊಯ್ದೆ, ಹಿಂದೆ ನವಣಿ. ಮೈದಾನದ ತುಂಬ ಜನ ಸುಮ್ಮನೆ ಅತ್ತಿಂದಿತ್ತ ಅಡ್ಡಾಡುತ್ತಿದ್ದರು, ನಮ್ಮಲ್ಲಿ ಯಾವ ಮೈದಾನವಾದರೂ ಹಾಗೇ. ಅಕ್ಕನ ಗಾಡಿಯನ್ನು ಕಣದ ಆ ತುದಿಯಲ್ಲಿ ಹಗ್ಗದ ಹೊರಗೆ ನಿಲ್ಲಿಸಿದೆ. ನವಣಿಯ ಜೊತೆ ಬೆರಕೆ ವಿಭಾಗಕ್ಕೆ ಇನ್ನೂ ಕೆಲವು ಕುರಿ ಬಂದಿದ್ದವು. ಒಂದು ಮೊದಲ ಸುತ್ತಿಗೇ ಕುಣಿದು ಹಗ್ಗ ಹರಿದುಕೊಂಡು ಹೋಯಿತು. ಪರೀಕ್ಷಕರು ಸಂಕನಗೌಡರು. ಇಡೀ ಜನ್ಮ ಕೆಂಪು ಕುರಿ ಸಾಕಿದವರು. ಬೆರಕೆ ವಿಭಾಗಕ್ಕೆ ಅವರನ್ನೇ ಯಾಕೆ ಹಾಕಿದರೋ ಎಂದು ಅಕ್ಕ ಬೆಳಗಿನಿಂದ ಗೊಣಗುತ್ತಿದ್ದಳು.

ನಾನು ನವಣಿಯ ದವಡೆಯ ಕೆಳಗೆ ಕೈಯಿಟ್ಟು ನಿಂತೆ. ನಾಲ್ಕೂ ಕಾಲು ಸಾಲಾಗಿ ಇರಿಸಿದೆ. ಹೆಗಲು ತಾಗಿಸಿದೆ, ಕಾದೆ, ಎತ್ತಿದೆ, ಇಳಿಸಿದೆ. ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ, ಹಿಂದಿನ ಬಲ. ಬೆನ್ನು ಅಲುಗಲಿಲ್ಲ. ಗೌಡರು ಪಕ್ಕದ ಕುರಿಯ ಹಲ್ಲು ನೋಡುತ್ತ ಬಹಳ ಹೊತ್ತು ಮಾಡಿದರು. ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ. ಜಗತ್ತಿನಲ್ಲಿ ನವಣಿಯ ಗೊರಸು ಬಿಟ್ಟರೆ ಬೇರೇನೂ ನನಗೆ ಕಾಣುತ್ತಿರಲಿಲ್ಲ.

ಗೌಡರು ಬಂದರು, ಕಣ್ಣು ಮುಚ್ಚಿ ಕೈಯಾಡಿಸಿದರು. ಕೈ ಬೆನ್ನಿನ ಮೇಲೆ ನಿಧಾನವಾಗಿ ಹೋಯಿತು, ತಿರುಗಿ ಬಂತು. ಉಣ್ಣೆಯನ್ನು ಬಿಡಿಸಿ ಬೆರಳು ಇಳಿಸಿದರು. ಕಣ್ಣು ತೆರೆದಾಗ ಬೆರಳ ತುದಿ ನೀಲಿಯಾಗಿತ್ತು.

"ಇದೇನಪಾ, ಕುರಿಗಿ ಅಂಗಿ ಹೊಲಿಯಾಂವ ಇದ್ದೇನು?"

ಸುತ್ತಲಿದ್ದವರು ನಕ್ಕರು. ಗೌಡರು ನಗಲಿಲ್ಲ. ಬಗ್ಗಿ ನಾಲ್ಕೂ ಗೊರಸು ಎತ್ತಿ ನೋಡಿದರು. ತೊಳೆದಿಟ್ಟ ಹಾಗಿದ್ದವು. "ಹೂಂ. ನಡಸು" ಎಂದರು.

ನಾನು ಹೆಜ್ಜೆ ಎತ್ತಿದೆ. ಹೆಜ್ಜೆ ಬರಲಿಲ್ಲ.

ಕುರಿಯ ನಾಲ್ಕು ಕಾಲು ನೋಡಿಕೊಂಡವನು ನನ್ನ ಎರಡು ಕಾಲು ಮರೆತಿದ್ದೆ. ತುಳಿಮಣೆಯ ಮೇಲೆ ತಾವಾಗಿಯೇ ಆಡಿ ರೂಢಿಯಾದ ಕಾಲುಗಳನ್ನು ನಾನೇ ನೆನಪಿಟ್ಟು ಎತ್ತಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ಬಲಗಾಲು ಜಗ್ಗಿದೆ, ಪಾದದಿಂದ ಮೀನಖಂಡದವರೆಗೆ ಉರಿ ಹತ್ತಿತು. ಜನ ಅಡ್ಡಾಡುವುದನ್ನೇ ಬಿಟ್ಟು ನೋಡತೊಡಗಿದರು. ಯಾರೋ, "ದರ್ಜಿ ನಾಟಿ ಆದ" ಎಂದರು. ನಗು ಕಣದ ಸುತ್ತ ಒಂದು ಸುತ್ತು ಹಾಕಿತು. ನನಗೆ ಅವಮಾನಕ್ಕಿಂತ ಹೆಚ್ಚಾಗಿ ಭಯವಾಯಿತು. ನಡೆಸದಿದ್ದರೆ ಓಲೆಯಿಲ್ಲ. ಓಲೆಯಿಲ್ಲದಿದ್ದರೆ ಅಕ್ಕ ಇಷ್ಟು ವರ್ಷ ಮಾಡಿದ್ದೆಲ್ಲ ಮಾಂಸದಂಗಡಿಯ ಕೊಕ್ಕೆಗೆ ಹೋಗುತ್ತದೆ, ಅದೂ ನನ್ನ ಕಾಲಿನ ದೆಸೆಯಿಂದ. ದೂರದಲ್ಲಿ ಗಾಡಿಯ ಮೇಲೆ ಅಕ್ಕ ಎರಡೂ ಕೈಯಿಂದ ಗಾಡಿಯ ಅಂಚು ಹಿಡಿದು ಮುಂದಕ್ಕೆ ಬಾಗಿದ್ದಳು.

ಬೇರೆ ದಾರಿ ಕಾಣಲಿಲ್ಲ. ನವಣಿಯ ಕೊರಳಿನಿಂದ ಹಗ್ಗ ಬಿಚ್ಚಿದೆ. "ಹೋಗವ್ವಾ, ಅಕ್ಕ ಅಲ್ಲಿ ಅದಾಳ" ಎಂದೆ.

ಅದು ಹೋಯಿತು. ಓಡಲಿಲ್ಲ. ಮುಂಗಾಲು ಇಟ್ಟಲ್ಲೇ ಹಿಂಗಾಲು ಇಡುತ್ತ, ಕೆಂಪು ಕುರಿಯ ಉದ್ದ ಹೆಜ್ಜೆಯಲ್ಲಿ, ಮೈಮೇಲೆ ಕರಿ ಕುರಿಯ ಉಣ್ಣೆ ಹೊತ್ತು ನೆಟ್ಟಗೆ ನಡೆದು ಅಕ್ಕನ ಗಾಡಿಯ ಮುಂದೆ ನಿಂತಿತು. ಅಕ್ಕ ಅದರ ಮೂತಿ ಹಿಡಿದಳು. ಅವಳು ಹಿಡಿದದ್ದು ಒಂದು ಕ್ಷಣ, ಆದರೆ ನವಣಿ ಅಲ್ಲೇ ಉಳಿದಿದ್ದರೆ ಓಲೆ ಕೈತಪ್ಪುತ್ತಿತ್ತು. ಆಮೇಲೆ ಅವಳು ಅದರ ಮುಖವನ್ನು ನನ್ನ ಕಡೆ ತಿರುಗಿಸಿ, ಹಿಂದಿನಿಂದ ಒಂದು ತಟ್ಟು ತಟ್ಟಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಹೋಗು. ಅವನ ಕಿಸೆದಾಗ ಹುರುಳಿ ಐತಿ."

ನವಣಿ ಅದೇ ಹೆಜ್ಜೆಯಲ್ಲಿ ತಿರುಗಿ ಬಂದು ನನ್ನ ಜೇಬಿಗೆ ಮೂತಿ ಹಾಕಿತು.

ಸಂಕನಗೌಡರು ನಿಂತಲ್ಲೇ ಒಂದೆರಡು ಸಲ ಕಾಲು ಬದಲಿಸಿದರು. ಆಮೇಲೆ, "ಹಗ್ಗಕ್ಕ ಅಂಜಿ ನಡಿಯೋ ಕುರಿ ಭಾಳ ನೋಡೇನಿ. ಇದು ತಾನ ನಡೀತು" ಎಂದರು. ಪೆಟ್ಟಿಗೆಯಿಂದ ಓಲೆ ತೆಗೆದು ತಾವೇ ನವಣಿಯ ಕಿವಿಗೆ ಹಾಕಿದರು. ಬಹುಮಾನ ಬೇರೆ ಕುರಿಗೆ ಹೋಯಿತು. ಹಿಡಿದವನು ಹಿಡಿದುಹೋದರೆ ಬಹುಮಾನ ಕೊಡಲು ಬರುವುದಿಲ್ಲವಂತೆ. ನಮಗೆ ಬೇಕಾಗಿದ್ದದ್ದು ಓಲೆ. ನನ್ನ ಬೇರು ಕತ್ತರಿಸಲು ಮಾಳಪ್ಪನೇ ಉಪ್ಪುನೀರು ತಂದ. ನನ್ನದೇ ಕತ್ತರಿಯಿಂದ ಕತ್ತರಿಸುತ್ತ, "ನಿನ್ನ ಕತ್ತರಿ ಭಾಳ ಚಲೋ ಐತಿ ಬಿಡು" ಎಂದ.

ಅವತ್ತು ಗಾಡಿ ತಳ್ಳಿಕೊಂಡು ಮನೆಗೆ ಬರುವಾಗ ನಾನು ಹಾಡುತ್ತಿದ್ದೆ. ಅಕ್ಕ ಹಾಡಲಿಲ್ಲ. ಅವಳ ಮಡಿಲಲ್ಲಿ ಬಿಚ್ಚಿದ ಹಗ್ಗ ಸುತ್ತಿಟ್ಟುಕೊಂಡಿದ್ದಳು. ಗೆದ್ದರೆ ಕುರಿ ಬದುಕುತ್ತವೆ, ಬದುಕಿದರೆ ಹೋಗುತ್ತವೆ. ಇದು ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ನನಗೆ ಗಾಡಿ ತಳ್ಳುವಾಗ, ಅದೂ ಅರ್ಧ ದಾರಿಗೆ ಬಂದ ಮೇಲೆ ಗೊತ್ತಾಯಿತು. ಹಾಡು ನಿಲ್ಲಿಸಿದೆ. ತಾನು ಬಿಟ್ಟುಕೊಡಬೇಕಾದದ್ದನ್ನು ಬಿಟ್ಟುಕೊಡಲು ಅವಳು ನನಗೆ ಇಷ್ಟು ದಿನ ಪಾಠ ಹೇಳಿದ್ದಳು.

ಮಾಳಪ್ಪನ ಹಿಂಡು ಮರುದಿನ ಬೆಳಿಗ್ಗೆ ನಮ್ಮ ಮನೆ ಮುಂದಿನ ರಸ್ತೆಗೆ ಬಂತು. ಹಿಂಡು ಎಂದೂ ನಿಲ್ಲುವುದಿಲ್ಲ, ನಮ್ಮೂರಿನಲ್ಲಂತೂ ನಿಲ್ಲುವ ಹಾಗೇ ಇಲ್ಲ. ಅದು ಹರಿದುಹೋಗುತ್ತಿರುವಾಗಲೇ ನಾನು ದೊಡ್ಡಿಯ ಬಾಗಿಲು ತೆಗೆದು ನಮ್ಮ ಕುರಿಗಳನ್ನು ಅದರೊಳಗೆ ಬಿಡಬೇಕಾಗಿತ್ತು. ಬಿಟ್ಟೆ. ಮೊದಲು ಸ್ವಲ್ಪ ತಬ್ಬಿಬ್ಬಾಗಿ, ಆಮೇಲೆ ಎಲ್ಲ ಸೇರಿಕೊಂಡವು. ನವಣಿ ಮಾತ್ರ ಒಮ್ಮೆ ನನ್ನ ಜೇಬು ನೋಡಿಕೊಂಡು ಹೋಯಿತು. ತಿರುಗಿ ಬಂದಾಗ ಅಕ್ಕ ಕಟ್ಟೆಯ ಅಂಚಿಗೆ ಬಂದು ಕಾಲು ಇಳಿಬಿಟ್ಟಿದ್ದಳು.

"ಇಳಿಸು ನನ್ನ."

"ಅಕ್ಕಾ, ಮಣ್ಣು."

"ಕಟ್ಟಿಮ್ಯಾಲಿಂದ ಬರೇ ಬೆನ್ನು ಕಾಣ್ತಾವ. ನಡಿಗಿ ಕಾಣಂಗಿಲ್ಲ. ಇಳಿಸು."

ಇಳಿಸಿದೆ. ರಸ್ತೆಯ ಅಂಚಿನವರೆಗೆ ನನ್ನ ಹೆಗಲು ಹಿಡಿದು ಬಂದಳು. ಎಷ್ಟೋ ದಿನಗಳ ಮೇಲೆ ಅವಳ ಪಾದ ಮಣ್ಣಿನ ಮೇಲೆ ಇತ್ತು. ಹಿಂಡಿನ ಬಾಲ ತಿರುವಿನ ಕಡೆ ಹೋಗುತ್ತಿತ್ತು. ಕೆಂಪು ಕುರಿಗಳ ನಡುವೆ ನಮ್ಮವು, ಒಂದು ಹೆಜ್ಜೆಯೂ ಹಿಂದೆ ಬೀಳದೆ, ಅವುಗಳ ಸಮಕ್ಕೆ ನಡೆಯುತ್ತಿದ್ದವು. ನವಣಿಯ ಬೆನ್ನ ಮೇಲೆ ನನ್ನ ನೀಲಿ ಗೆರೆ ದೂರಕ್ಕೂ ಕಾಣುತ್ತಿತ್ತು. ಅಕ್ಕ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕಾಲನ್ನೂ ಎತ್ತಲಿಲ್ಲ.

"ಅಕ್ಕಾ, ಕಾಲು."

"ತಡಿ. ಇನ್ನೂ ಕಾಣಾಕತ್ತಾವ."

ನಾನು ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಹೆಗಲನ್ನು ಅವಳ ತೊಡೆಗೆ ಗಟ್ಟಿಯಾಗಿ ತಾಗಿಸಿದೆ. ಜಗ್ಗಲಿಲ್ಲ, ಕಾದೆ. ಸ್ವಲ್ಪ ಹೊತ್ತು ಅವಳು ಬಿಗಿಯಾಗಿಯೇ ಇದ್ದಳು. ಆಮೇಲೆ ಅವಳ ಕೈ ನನ್ನ ತಲೆಯ ಮೇಲೆ ಬಂತು, ಮೈಯ ಭಾರ ನಿಧಾನವಾಗಿ ನನ್ನ ಹೆಗಲಿಗೆ ಇಳಿಯಿತು, ಆ ಕಡೆಯ ಕಾಲು ಹಗುರಾಯಿತು. ಎತ್ತಿದೆ. ಅಂಗಾಲಿನಲ್ಲಿ ಒಂದೆರಡು ಬಿಳಿ ಎಳೆ ಆಗಲೇ ಬಂದಿದ್ದವು, ಬೆರಳಿನಿಂದ ಒರೆಸಿ ಇಳಿಸಿದೆ. ಆ ಕಡೆ ಹೋಗಿ ಇನ್ನೊಂದು ಹೆಗಲು ಕೊಟ್ಟೆ, ಇನ್ನೊಂದು ಕಾಲು ಎತ್ತಿದೆ. ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ನಿನ್ನ ಕಾಲು ನೋಡಿಕೊಂಡೀಯಿಲ್ಲೋ?" ಎಂದಳು.

"ನಾ ಕುಂತೇನಿ ಅಕ್ಕಾ. ನನಗೇನೂ ಆಗಂಗಿಲ್ಲ."

"ಹಂಗಾರ ಇನ್ನೊಂದೀಟು ನಿಲ್ತೀನಿ."

ಧೂಳು ಇನ್ನೂ ಇಳಿದಿರಲಿಲ್ಲ. ನಾನು ಮತ್ತೆ ಎಡಗಾಲಿಗೆ ಹೆಗಲು ಕೊಟ್ಟೆ.